ಕಲ್ಯಾಣದ ಬೀದಿಯನ್ನು ರಂಗದ ಮೇಲೆ ನೋಡುವ ಬಗೆ

ಶರಣರ ನಾಟಕಕ್ಕೆ ಹೊಸದಾಗಿ ಹೋಗುವವರಿಗೆ ನಾನು ಹೇಳುವುದು ಒಂದೇ: ಮೊದಲು ನಟರ ಕೈ ನೋಡಿ, ಮಾತು ಆಮೇಲೆ ಕೇಳಿ. 12ನೆಯ ಶತಮಾನದ ಕಲ್ಯಾಣವೆಂದರೆ ಚಮ್ಮಾರರು, ಮಡಿವಾಳರು, ಮೇದಾರರು, ಅಂಬಿಗರು ದುಡಿದುಂಡ ಪಟ್ಟಣ. ಕಾಯಕವೇ ಅವರ ಧರ್ಮವಾಗಿತ್ತು. ರಂಗದ ಮೇಲೆ ಕಾಯಕ ಕಾಣದಿದ್ದರೆ ಉಳಿಯುವುದು ಬರೀ ಭಾಷಣ.

ಇದನ್ನು ನೋಡಿ ಕಲಿಯಲು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಜಾಗವಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಕುಮಾರ ಕಲಾಸಂಘದ 'ಶಿವಸಂಚಾರ' ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಪ್ರತಿ ನವೆಂಬರ್‌ನಲ್ಲಿ ಅಲ್ಲಿ ನಾಟಕೋತ್ಸವವೂ ನಡೆಯುತ್ತದೆ.

ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಆ ದೃಶ್ಯ ಬಂದಾಗ ಕಣ್ಣೊರೆಸಿಕೊಳ್ಳುವ ಮೊದಲು, ಹಿಂದಿನ ದೃಶ್ಯಗಳಲ್ಲಿ ಹರಳಯ್ಯ ಹೇಗೆ ಕೂತಿದ್ದ ಎಂದು ನೆನಪಿಸಿಕೊಳ್ಳಿ. ರಂಪಿಗೆಯನ್ನು ದಿನವೂ ಹಿಡಿದವನಂತೆ ಹಿಡಿದಿದ್ದನೇ? ಮಾತಾಡುತ್ತಲೇ ಹೊಲಿಗೆ ಹಾಕುತ್ತಿದ್ದನೇ, ಮಾತು ಬಂದೊಡನೆ ಕೆಲಸ ಬಿಟ್ಟು ಎದ್ದುಬಿಟ್ಟನೇ? ನಿತ್ಯದ ಚಪ್ಪಲಿ ನಂಬಿಕೆ ಹುಟ್ಟಿಸಿದ್ದರೆ ಮಾತ್ರ ಆ ಚಮ್ಮಾವುಗೆ ಎದೆಗೆ ತಟ್ಟುತ್ತದೆ.

ಆಯ್ದಕ್ಕಿ ಲಕ್ಕಮ್ಮನ ದೃಶ್ಯ ನನಗೆ ಇನ್ನೂ ಪ್ರಿಯ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತರುತ್ತಾನೆ. ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎನ್ನುತ್ತಾಳೆ ಲಕ್ಕಮ್ಮ. ಒಳ್ಳೆಯ ನಟಿ ಬಾಯಿ ತೆರೆಯುವ ಮೊದಲೇ ಆ ಅಕ್ಕಿಯನ್ನು ಕೈಯಲ್ಲಿ ತೂಗಿ ನೋಡಿರುತ್ತಾಳೆ. ಅಲ್ಲೇ ನಾಟಕ ನಡೆದುಹೋಗಿರುತ್ತದೆ.

ಇನ್ನು ಅಡುಗೆಮನೆ. ಗೋಡೆಗೆ ಒಣಮೆಣಸಿನಕಾಯಿ ಸರ ತೂಗಿಬಿಟ್ಟಿದ್ದರೆ, ಮೂಲೆಯಲ್ಲಿ ಮೆಕ್ಕೆಜೋಳದ ತೆನೆ ಇದ್ದರೆ, ಅದು ಬಸವಣ್ಣನ ಕಾಲವಲ್ಲ. ಇವೆರಡೂ ಅಮೆರಿಕದಿಂದ ಹೊರಟು, ಪೋರ್ಚುಗೀಸರು ಬಂದ ನಂತರವೇ ನಮ್ಮ ನೆಲ ಸೇರಿದವು. ಕರಿಮೆಣಸು, ಜೋಳದ ರೊಟ್ಟಿ ಇರಲಿ.

ಕಾರ್ನಾಡರ 'ತಲೆದಂಡ', ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ಮೂರೂ ಇದೇ ಕಲ್ಯಾಣದವು. ಓದಿಕೊಂಡು ಹೋದರೆ ಒಳ್ಳೆಯದು. ಜೊತೆಗೆ ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯನವರ ವಚನಗಳನ್ನೂ ತಿರುವಿಹಾಕಿ.

ದುರ್ಗ, ಹಿರಿಯೂರು, ಹೊಳಲ್ಕೆರೆಯವರೇ, ಈ ನವೆಂಬರ್‌ನಲ್ಲಿ ಸಾಣೇಹಳ್ಳಿಗೆ ಬನ್ನಿ. ಕೈಕೆಲಸ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿ. ನಾಟಕ ಮುಗಿದ ಮೇಲೆ ಉಳಿ ಹಿಡಿಯುವ ಬಗೆಯನ್ನು ನಟರಿಗೆ ಅವರೇ ತೋರಿಸಿಕೊಡಲಿ.