ಕಣಿವೆ ಬಿಟ್ಟುಹೋದ ಕೆಲಸ

2010ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಪಿಂಚಣಿ ಮತ್ತು ಉದ್ಯೋಗ ಖಾತೆಯ ಸಚಿವ ಇಯಾನ್ ಡಂಕನ್ ಸ್ಮಿತ್ ಸೌತ್ ವೇಲ್ಸಿನ ಮರ್ಥರ್ ಟಿಡ್‌ವಿಲ್ ಊರಿನ ಜನಕ್ಕೆ ಟೀವಿಯಲ್ಲಿ ಒಂದು ಬುದ್ಧಿಮಾತು ಹೇಳಿದರು. ಇವರು ಇದ್ದಲ್ಲೇ ಇದ್ದುಬಿಟ್ಟಿದ್ದಾರೆ, ಬಸ್ ಹತ್ತಿದರೆ ಒಂದು ಗಂಟೆಯಲ್ಲಿ ಕಾರ್ಡಿಫ್ ತಲುಪಿ ಕೆಲಸ ಹುಡುಕಬಹುದು ಎಂಬುದು ಆ ಮಾತಿನ ಸಾರ. ಸೌತ್ ವೇಲ್ಸಿನ ಕಲ್ಲಿದ್ದಲ ಕಣಿವೆಗಳ ಬಗ್ಗೆ ಲಂಡನ್ನಿನಲ್ಲಿ ಮೂರು ದಶಕಗಳಿಂದ ಬೇರೂರಿದ ಅಭಿಪ್ರಾಯ ಇದೇ: ಸರ್ಕಾರ ಭತ್ಯೆ ಕೊಟ್ಟಿತು, ಜನ ದುಡಿಯುವುದನ್ನು ಮರೆತರು, ಮಕ್ಕಳೂ ಅದನ್ನೇ ಕಲಿತರು. 2023ರಲ್ಲಿ ಕರ್ನಾಟಕ ಸರ್ಕಾರದ ಗ್ಯಾರಂಟಿ ಯೋಜನೆಗಳು ಬಂದಾಗ ನಮ್ಮಲ್ಲೂ ಇದೇ ಮಾತು ಕೇಳಿಬಂತು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಬಡವರ ಮೇಲಷ್ಟೇ ಪ್ರಯೋಗಿಸುವ ಅಭ್ಯಾಸ ಎರಡೂ ಕಡೆ ಇದೆ. ಕಣಿವೆಗಳ ಇತಿಹಾಸವನ್ನು ಸಾವಧಾನವಾಗಿ ನೋಡಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ.

ಮೊದಲು ಲೆಕ್ಕದ ವಿಷಯ. ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿದ್ದು, ಎರಡು ವಾರದೊಳಗೆ ಸೇರಲು ಸಿದ್ಧವಿರುವವರು ಮಾತ್ರ ಅಂಕಿಅಂಶದಲ್ಲಿ ನಿರುದ್ಯೋಗಿಗಳು. ಕೆಲಸವೂ ಇಲ್ಲದೆ ಹುಡುಕಾಟವನ್ನೂ ನಿಲ್ಲಿಸಿದವರು ‘ಆರ್ಥಿಕವಾಗಿ ನಿಷ್ಕ್ರಿಯ’ರ ಪಟ್ಟಿಗೆ ಸೇರುತ್ತಾರೆ. ಓದುತ್ತಿರುವವರು, ಮನೆಯವರ ಆರೈಕೆಯಲ್ಲಿರುವವರು, ದೀರ್ಘಕಾಲದ ಕಾಯಿಲೆಯವರು ಎಲ್ಲರೂ ಇದರಲ್ಲೇ. ಹುಡುಕಿ ಹುಡುಕಿ ಸಾಕಾಗಿ ಕೈಬಿಟ್ಟವನೂ ಇಲ್ಲಿಗೇ ಬರುತ್ತಾನೆ. ಅವನು ಬಂದಾಗ ದೇಶದ ನಿರುದ್ಯೋಗದ ಪ್ರಮಾಣ ಒಂದಿಷ್ಟು ಇಳಿದಂತೆ ಕಾಣುತ್ತದೆ. ಇದು ಯಾವ ಸರ್ಕಾರಕ್ಕೂ ಬೇಡದ ಅನುಕೂಲವಲ್ಲ.

ಊರು ಬಿಟ್ಟು ಕದಲದ ಜನ ಎಂಬ ಆರೋಪವಂತೂ ಇತಿಹಾಸಕ್ಕೆ ಪೂರ್ತಿ ವಿರುದ್ಧ. 1913ರಲ್ಲಿ ಈ ಕಣಿವೆಗಳಿಂದ ಸುಮಾರು 5.7 ಕೋಟಿ ಟನ್ ಕಲ್ಲಿದ್ದಲು ಹೊರಬಂದಿತ್ತು. 1920ರ ಹೊತ್ತಿಗೆ ಗಣಿಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅವರಲ್ಲಿ ಬಹುಪಾಲು ಕೆಲಸ ಅರಸಿ ಬೇರೆ ಕಡೆಯಿಂದ ಬಂದವರು ಅಥವಾ ಹಾಗೆ ಬಂದವರ ಮಕ್ಕಳು. ಬೇಡಿಕೆ ಕುಸಿದಾಗ ಹೊರಟೂ ಹೋದರು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ವೇಲ್ಸ್ ತೊರೆದವರು ನಾಲ್ಕು ಲಕ್ಷಕ್ಕೂ ಮಿಕ್ಕಿ. ಆಕ್ಸ್‌ಫರ್ಡಿನ ಕಾರ್ ಕಾರ್ಖಾನೆಗಳಿಗೂ ಸ್ಲೌ ಪಟ್ಟಣದ ಹೊಸ ಕೈಗಾರಿಕೆಗಳಿಗೂ ಕೈ ಒದಗಿಸಿದವರು ಇವರೇ. ಅತ್ತ ಕಡೆ ಕೆಲಸ ಕಾದಿದೆ ಎಂದು ಗೊತ್ತಾದಾಗ ಜನ ಹೊರಟಿದ್ದಾರೆ.

1984-85ರ ಗಣಿ ಕಾರ್ಮಿಕರ ಮುಷ್ಕರದ ನಂತರ ಗಣಿಗಳು ಒಂದೊಂದಾಗಿ ಮುಚ್ಚಿದವು. ರೋಂಡಾ ಕಣಿವೆಯ ಕೊನೆಯ ಗಣಿ ಮಾರ್ಡಿ 1990ರ ಡಿಸೆಂಬರಿನಲ್ಲಿ ನಿಂತಿತು. ಪಕ್ಕದ ಕಣಿವೆಯಲ್ಲಿ ಉಳಿದಿದ್ದ ಟವರ್ ಗಣಿಯನ್ನು ಲಾಭವಿಲ್ಲವೆಂದು 1994ರಲ್ಲಿ ಮುಚ್ಚಲಾಯಿತು. ಆಗ 239 ಕಾರ್ಮಿಕರು ತಮಗೆ ಬಂದ ಪರಿಹಾರದಿಂದ ತಲಾ 8,000 ಪೌಂಡ್ ಹಾಕಿ ಆ ಗಣಿಯನ್ನೇ ಕೊಂಡರು. 1995ರ ಜನವರಿಯಿಂದ 2008ರ ಜನವರಿಯವರೆಗೆ, ಕಲ್ಲಿದ್ದಲು ಮುಗಿಯುವ ತನಕ, ತಾವೇ ನಡೆಸಿದರು. ದುಡಿಮೆಯ ಸಂಸ್ಕೃತಿ ಸತ್ತಿದೆ ಎನ್ನುವವರು ಈ ಹದಿಮೂರು ವರ್ಷಗಳನ್ನು ಎಲ್ಲಿಡುತ್ತಾರೆ?

ಇನ್ನು ಕಾಯಿಲೆಯ ಭತ್ಯೆ. ಎಪ್ಪತ್ತರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಇದನ್ನು ಪಡೆಯುತ್ತಿದ್ದವರು ಏಳೆಂಟು ಲಕ್ಷ. ತೊಂಬತ್ತರ ದಶಕದ ನಡುವಿಗೆ ಇಪ್ಪತ್ತೈದು ಲಕ್ಷದ ಆಸುಪಾಸು. ಈ ಅವಧಿಯಲ್ಲಿ ದೇಶದ ಆರೋಗ್ಯ ಮೂರು ಪಟ್ಟು ಕೆಟ್ಟಿರಲಿಲ್ಲ. ಶೆಫೀಲ್ಡ್ ಹ್ಯಾಲಮ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಬೀಟಿ ಮತ್ತು ಸ್ಟೀವ್ ಫಾದರ್‌ಗಿಲ್ 1996ರಲ್ಲಿ ಗಣಿ ಪ್ರದೇಶಗಳ ಲೆಕ್ಕ ಬಿಡಿಸಿ ನೋಡಿದಾಗ ಸಿಕ್ಕ ಚಿತ್ರ ಸ್ಪಷ್ಟವಾಗಿತ್ತು. ಸಾಲು ಸಾಲಾಗಿ ಕೆಲಸ ಹೋದರೂ ನೋಂದಾಯಿತ ನಿರುದ್ಯೋಗ ಏರಿರಲಿಲ್ಲ. ಗಂಡಸರು ನಿರುದ್ಯೋಗಿಗಳ ಪಟ್ಟಿಯಿಂದ ರೋಗಿಗಳ ಪಟ್ಟಿಗೆ ಜಾರಿದ್ದರು. ಕೆಲಸ ಹುಡುಕುವವರ ಭತ್ಯೆಗಿಂತ ಆಗ ಇದು ತುಸು ಹೆಚ್ಚಿತ್ತು, ಕಿರಿಕಿರಿ ಕಡಿಮೆಯಿತ್ತು. ಕಚೇರಿಗೂ ತಲೆನೋವು ತಪ್ಪಿತು, ಮಂತ್ರಿಗೂ ತೋರಿಸಲು ಒಳ್ಳೆಯ ಅಂಕಿ ಸಿಕ್ಕಿತು.

ಹಾಗಾದರೆ ಕಾಯಿಲೆ ಸುಳ್ಳೇ? ಅಲ್ಲ. ಈ ಎಳೆ ಕೈತಪ್ಪಿದರೆ ಇಡೀ ವಾದ ತಪ್ಪುತ್ತದೆ. ಶ್ವಾಸಕೋಶದಲ್ಲಿ ದೂಳು ಕೂತವರು, ಕೊರೆಯುವ ಯಂತ್ರ ಹಿಡಿದು ಬೆರಳು ಮರಗಟ್ಟಿದವರು, ಬೆನ್ನು ಮುರಿದುಕೊಂಡವರು ಇಲ್ಲಿ ಮನೆಮನೆಯಲ್ಲಿದ್ದರು. ಗಣಿ ಕಾರ್ಮಿಕರ ಶ್ವಾಸಕೋಶದ ಕಾಯಿಲೆಗೆ ಗಣಿಗಳನ್ನು ನಡೆಸುತ್ತಿದ್ದ ಬ್ರಿಟಿಷ್ ಕೋಲ್ ಸಂಸ್ಥೆಯೇ ಹೊಣೆ ಎಂದು ಹೈಕೋರ್ಟ್ 1998ರಲ್ಲಿ ತೀರ್ಪು ಕೊಟ್ಟಿತು. ಕಣಿವೆಯ ಗ್ಲಿನ್‌ಕೊರಗ್ ಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್, ಒಳ್ಳೆಯ ಚಿಕಿತ್ಸೆ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಎಂದು 1971ರಲ್ಲೇ ಬರೆದಿದ್ದರು. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇರುವುದು ಈ ಮುಂದಿನ ಪ್ರಶ್ನೆಯಲ್ಲಿ: ಅದೇ ಬೆನ್ನುನೋವು ಒಂದೂರಿನಲ್ಲಿ ಮನುಷ್ಯನನ್ನು ಮನೆಯಲ್ಲಿ ಕೂರಿಸುತ್ತದೆ, ಇನ್ನೊಂದೂರಿನಲ್ಲಿ ಯಾಕೆ ಕೂರಿಸುವುದಿಲ್ಲ? ಲಂಡನ್ನಿನ ಸುತ್ತಲಿನ ಊರಲ್ಲಿ ಬೆನ್ನುನೋವಿನವನು ಮೇಜಿನ ಮುಂದೆ ಕೂತು ಸಂಬಳ ಎಣಿಸುತ್ತಾನೆ. ಮರ್ಥರ್‌ನಲ್ಲಿ ಅವನಿಗೆ ಸಿಗುವುದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಗಣಿಗಳಿದ್ದಾಗ ಪೆಟ್ಟು ತಿಂದವರಿಗೆ ಮೇಲ್ಗಡೆ ದೀಪದ ಕೋಣೆಯಲ್ಲೋ ಕಲ್ಲು ಆರಿಸುವಲ್ಲೋ ಹಗುರ ಕೆಲಸ ಕೊಡುತ್ತಿದ್ದರು. ಗಣಿಯ ಜೊತೆ ಆ ಆಸರೆಯೂ ಹೋಯಿತು. ದೇಹದ ದೋಷವನ್ನು ಕೆಲಸಕ್ಕೆ ಬಾರದ ಸ್ಥಿತಿಯಾಗಿ ಮಾಡುವುದು ಊರಿನ ಉದ್ಯೋಗ ಮಾರುಕಟ್ಟೆ.

ಎದುರು ವಾದದಲ್ಲಿ ಹುರುಳಿಲ್ಲ ಎನ್ನಲಾರೆ. 2024-25ರಲ್ಲಿ 25 ವರ್ಷ ದಾಟಿದ ಒಂಟಿ ವ್ಯಕ್ತಿಗೆ ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನ ಮೂಲ ಭತ್ಯೆ ತಿಂಗಳಿಗೆ 393.45 ಪೌಂಡ್. ದುಡಿಯಲಾಗದ ಕಾಯಿಲೆ ಎಂದು ಒಪ್ಪಿದರೆ ಮೇಲೆ 416.19 ಪೌಂಡ್. ದುಪ್ಪಟ್ಟಿಗೂ ಹೆಚ್ಚು ಸಿಗುವಾಗ ಯಾರಾದರೂ ಆ ಕಡೆ ವಾಲುವುದು ಸಹಜ. ಆದರೆ ಈ ಅಂತರ ಹುಟ್ಟಿದ್ದು ಕಾಯಿಲೆಯ ಹಣ ಉದಾರವಾಗಿದ್ದರಿಂದಲ್ಲ. ಮೂಲ ಭತ್ಯೆ ಬದುಕಲು ಸಾಲದಷ್ಟು ಕುಗ್ಗಿದ್ದರಿಂದ. ಭತ್ಯೆಯ ದರ ಇಡೀ ದೇಶಕ್ಕೆ ಒಂದೇ ಎಂಬುದನ್ನೂ ಗಮನಿಸಬೇಕು. ಸೋಮಾರಿತನಕ್ಕೆ ಅದೇ ಕಾರಣವಾಗಿದ್ದರೆ ರೋಗಿಗಳ ಪಟ್ಟಿ ಲಂಡನ್ ಪಕ್ಕದ ಶ್ರೀಮಂತ ಸರ‍್ರಿಯಲ್ಲೂ ಇಷ್ಟೇ ಉದ್ದವಿರಬೇಕಿತ್ತು.

ಭತ್ಯೆಯಿಲ್ಲದಿದ್ದರೆ ಜನ ದುಡಿಯುತ್ತಾರೆ, ನಮ್ಮ ಕೋಲಾರದ ಕೆಜಿಎಫ್ ನೋಡಿ ಎನ್ನುವವರಿದ್ದಾರೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು, ಭತ್ಯೆ ಇರಲಿಲ್ಲ, ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋದರು. ನಿಜವೇ. ಆದರೆ ಆ ರೈಲು ಇತ್ತು, ಆಚೆ ತುದಿಯಲ್ಲಿ ಬೆಳೆಯುತ್ತಿದ್ದ ಬೆಂಗಳೂರಿತ್ತು. ಸಿಲಿಕೋಸಿಸ್‌ನಿಂದ ಏದುಸಿರು ಬಿಡುತ್ತ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಉಳಿದವರನ್ನು ಯಾವ ಪಟ್ಟಿಯೂ ಎಣಿಸಲಿಲ್ಲ. ಎಣಿಸದ ಮಾತ್ರಕ್ಕೆ ಅವರು ದುಡಿಯುತ್ತಿದ್ದಂತೆ ಆಗುವುದಿಲ್ಲ.

ಸೌತ್ ವೇಲ್ಸಿನ ಎಬ್ಬು ವೇಲ್ ಊರಿಗೆ ಅಂಥ ರೈಲೂ ಇರಲಿಲ್ಲ. ಅಲ್ಲಿನ ಪ್ರಯಾಣಿಕರ ರೈಲು 1962ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ 2002ರಲ್ಲಿ ಮುಚ್ಚಿತು. ಕಾರ್ಡಿಫ್‌ಗೆ ಹೋಗುವ ರೈಲು ಬಂದದ್ದು 2008ರಲ್ಲಿ, ಹತ್ತಿರದ ನ್ಯೂಪೋರ್ಟ್‌ಗೆ ನೇರ ರೈಲು 2024ರ ಫೆಬ್ರವರಿಯಲ್ಲಿ. ಬದಲಿ ಉದ್ಯೋಗಗಳ ಕತೆ ಇನ್ನೂ ನೋವಿನದು. 1996ರಲ್ಲಿ ಎಲ್‌ಜಿ ಕಂಪನಿ ನ್ಯೂಪೋರ್ಟ್‌ನಲ್ಲಿ 6,100 ಕೆಲಸ ಕೊಡುವುದಾಗಿ ಘೋಷಿಸಿತು. ಆ ಸಂಖ್ಯೆ ಎಂದೂ ಮುಟ್ಟಲಿಲ್ಲ, ಚಿಪ್ ಕಾರ್ಖಾನೆ ಬಾಗಿಲೇ ತೆರೆಯಲಿಲ್ಲ. ರೋಂಡಾ ಕಣಿವೆಯ ಟ್ರಿಯಾರ್ಕಿಯಲ್ಲಿದ್ದ ಬರ್ಬರಿ ಉಡುಪು ಕಾರ್ಖಾನೆ 2007ರಲ್ಲಿ ಮುಚ್ಚಿ ಸುಮಾರು 300 ಕೆಲಸ ಹೋದವು, ಅದರಲ್ಲಿ ಹೆಂಗಸರದೇ ಹೆಚ್ಚು. 1948ರಿಂದ ಮರ್ಥರ್‌ನಲ್ಲಿದ್ದ ಹೂವರ್ 2009ರಲ್ಲಿ ವಾಷಿಂಗ್ ಮಷಿನ್ ತಯಾರಿಕೆ ನಿಲ್ಲಿಸಿತು. ಸಚಿವರು ಬಸ್ಸಿನ ಮಾತಾಡಿದ್ದು ಇದಾದ ಮರುವರ್ಷ.

ಹೆಂಗಸರ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. 2021ರ ಜನಗಣತಿಯಲ್ಲಿ ಸಂಬಳವಿಲ್ಲದೆ ಮನೆಯವರ ಆರೈಕೆ ಮಾಡುವವರ ಪ್ರಮಾಣ ವೇಲ್ಸ್‌ನಲ್ಲಿ 10.5%, ಇಂಗ್ಲೆಂಡಿನಲ್ಲಿ 8.9%. ಅಪ್ಪನ ಉಬ್ಬಸ ಮಗಳ ದಿನಚರಿಯಾಗುತ್ತದೆ. ವಾರಕ್ಕೆ 35 ಗಂಟೆ ನೋಡಿಕೊಂಡರೆ 2024-25ರಲ್ಲಿ ಆಕೆಗೆ ಸಿಗುತ್ತಿದ್ದ ಭತ್ಯೆ ವಾರಕ್ಕೆ 81.90 ಪೌಂಡ್. ಜೊತೆಗೆ ಅಲ್ಪಸ್ವಲ್ಪ ಕೆಲಸ ಮಾಡಿ ವಾರದ ಗಳಿಕೆ 151 ಪೌಂಡ್ ದಾಟಿದರೆ ಅಷ್ಟೂ ಭತ್ಯೆ ಖೋತಾ ಆಗುತ್ತಿತ್ತು. ಸಂಬಳದ ಕೆಲಸವಿಲ್ಲದಿದ್ದರೆ, ಬೆಳಗಿನಿಂದ ರಾತ್ರಿಯವರೆಗೆ ಕೈಬಿಡುವಿಲ್ಲದ ಈಕೆಯೂ ಸರ್ಕಾರಿ ಕಡತದಲ್ಲಿ ನಿಷ್ಕ್ರಿಯಳು.

ಇದೆಲ್ಲ ಹಳೆಯ ಕತೆಯಾಗಿದ್ದರೆ ಬರೆಯುವ ತುರ್ತು ಇರುತ್ತಿರಲಿಲ್ಲ. 2024ರ ಸೆಪ್ಟೆಂಬರ್ 30ರಂದು ಟಾಟಾ ಸ್ಟೀಲ್ ಸೌತ್ ವೇಲ್ಸಿನ ಪೋರ್ಟ್ ಟಾಲ್ಬಟ್‌ನ ಕೊನೆಯ ಊದುಕುಲುಮೆಯನ್ನು ಆರಿಸಿತು. ಅದರ ಬದಲಿಗೆ ಬರುವ ವಿದ್ಯುತ್ ಕುಲುಮೆಗೆ ಬ್ರಿಟಿಷ್ ಸರ್ಕಾರ 50 ಕೋಟಿ ಪೌಂಡ್ ಕೊಡುತ್ತಿದೆ. ಅದು ಬಂದರೂ ಮೊದಲಿನಷ್ಟು ಜನ ಬೇಕಾಗುವುದಿಲ್ಲ. ಇದರ ನಡುವೆಯೇ, 2026ರ ಏಪ್ರಿಲಿನಿಂದ ಹೊಸದಾಗಿ ಅರ್ಜಿ ಹಾಕುವ ಬಹುತೇಕ ರೋಗಿಗಳ ಹೆಚ್ಚುವರಿ ಹಣವನ್ನು ಸುಮಾರು ಅರ್ಧಕ್ಕೆ ಇಳಿಸುವ ಕಾನೂನು 2025ರಲ್ಲಿ ಬಂತು. ಇದರಿಂದ ಪಟ್ಟಿ ಚಿಕ್ಕದಾಗಬಹುದು. ಐವತ್ತು ದಾಟಿದ, ಮಂಡಿ ಸವೆದ ಉಕ್ಕಿನ ಕೆಲಸಗಾರನಿಗೆ ಪೋರ್ಟ್ ಟಾಲ್ಬಟ್‌ನಿಂದ ಹೋಗಿಬರುವಷ್ಟು ದೂರದಲ್ಲಿ ಅವನ ಮಂಡಿ ತಾಳುವಂಥ ಕೆಲಸ ಎಷ್ಟಿದೆ ಎಂದು ಕಾನೂನು ತಂದವರು ಮೊದಲು ಎಣಿಸಬೇಕಿತ್ತು.