ಉರು ಹೊಡೆಯುವುದು ನಿಂತಿತೇ?

ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿಎಂಪಿ ಪರೀಕ್ಷೆ 2021ರ ಜನವರಿಯಲ್ಲಿ ರೂಪ ಬದಲಿಸಿದಂದಿನಿಂದ ಒಂದು ಹೊಗಳಿಕೆ ಅದರ ಬೆನ್ನಿಗಿದೆ: ಉರು ಹೊಡೆದು ಪಾಸಾಗುವ ಕಾಲ ಮುಗಿಯಿತು, ಇನ್ನು ಗೆಲ್ಲುವುದು ಅನುಭವ. ಪಿಎಂಬಾಕ್ ಕೈಪಿಡಿಯ ಆರನೇ ಆವೃತ್ತಿಯ 49 ಪ್ರಕ್ರಿಯೆಗಳನ್ನು ಗೋಡೆಗೆ ಅಂಟಿಸಿಕೊಂಡು ಓದಿದವರಿಗೆ ಇದು ಹಿತವಾಗಿಯೇ ಕೇಳಿಸಿರಬೇಕು. 2021ರ ಆ ರೂಪದಲ್ಲಿ 180 ಪ್ರಶ್ನೆ, 230 ನಿಮಿಷ, ಅರ್ಧದಷ್ಟು ಅಜೈಲ್ ಮತ್ತು ಹೈಬ್ರಿಡ್ ಎಂಬುದೆಲ್ಲ ತಿಳಿದದ್ದೇ. ಆದರೆ ಆ ಹೊಗಳಿಕೆ ಒಂದೇ ಒಂದು ಪ್ರಶ್ನೆಯ ಎದುರೂ ನಿಲ್ಲುವುದಿಲ್ಲ.

ತಯಾರಿ ತರಗತಿಗಳಲ್ಲಿ ಓಡಾಡುವ ಬಗೆಯ ಪ್ರಶ್ನೆಯೊಂದನ್ನು ನಾನೇ ಕಟ್ಟಿಕೊಡುತ್ತೇನೆ. ಕೆಲಸ ಅರ್ಧ ಸಾಗಿದೆ. ಪ್ರಮುಖ ಸ್ಟೇಕ್‌ಹೋಲ್ಡರ್ ಹೊಸದೊಂದು ಸೌಲಭ್ಯ ಕೇಳುತ್ತಾರೆ. ಮ್ಯಾನೇಜರ್ ಮೊದಲು ಏನು ಮಾಡಬೇಕು? ಆಗದು ಎನ್ನಬೇಕೆ, ಸ್ಪಾನ್ಸರ್ ಬಳಿ ಒಯ್ಯಬೇಕೆ, ಪರಿಣಾಮ ಅಳೆದು ಚೇಂಜ್ ರಿಕ್ವೆಸ್ಟ್ ಹಾಕಬೇಕೆ, ಪ್ರಾಡಕ್ಟ್ ಓನರ್ ಜೊತೆ ಕೂತು ಬ್ಯಾಕ್‌ಲಾಗ್‌ನಲ್ಲಿ ಅದರ ಜಾಗ ಗೊತ್ತುಮಾಡಬೇಕೆ? ಮೊದಲೆರಡನ್ನು ತರಗತಿಗಳು ಕಲಿಸುವ 'ಮೈಂಡ್‌ಸೆಟ್' ಎಂಬ ಉತ್ತರ ಆರಿಸುವ ಸೂತ್ರ ಹೊಡೆದುಹಾಕುತ್ತದೆ: ಒರಟಾಗಿ ನಿರಾಕರಿಸಬೇಡ, ಮೇಲಿನವರತ್ತ ಓಡಬೇಡ. ಉಳಿದೆರಡರ ನಡುವೆ ತೀರ್ಪು ಕೊಡುವುದು ವಿವೇಕವಲ್ಲ, ಪ್ರಶ್ನೆಯಲ್ಲಿ ಉದುರಿಬಿದ್ದ ಒಂದು ಸುಳಿವು. 'ಬೇಸ್‌ಲೈನ್' ಕಂಡರೆ ಮೂರನೆಯದು, 'ಸ್ಪ್ರಿಂಟ್' ಕಂಡರೆ ನಾಲ್ಕನೆಯದು. ನಿಜವಾಗಿ ದುಡಿದವರಿಗೆ ಬೇಕಿದ್ದ ವಿವರ ಬೇರೆಯೇ: ಒಪ್ಪಂದ ಫಿಕ್ಸೆಡ್ ಪ್ರೈಸೇ? ಕೇಳುತ್ತಿರುವವರ ಕೈಯಲ್ಲಿ ಹಣ ಇದೆಯೇ? ಸ್ಪಾನ್ಸರ್ ಆಗಲೇ ಮಾತು ಕೊಟ್ಟಿದ್ದಾರೆಯೇ? ಕೊನೆಯದು ಹೌದಾದರೆ ಮೊದಲ ಫೋನು ಹೋಗಬೇಕಾದದ್ದು ಸ್ಪಾನ್ಸರ್‌ಗೇ. ಪ್ರಶ್ನೆ ಇದ್ಯಾವುದನ್ನೂ ಹೇಳದು. ಪದವೀಧರರಿಂದ 36 ತಿಂಗಳ ಅನುಭವ ಕೇಳಿ ಒಳಬಿಟ್ಟುಕೊಂಡ ಪರೀಕ್ಷೆ, ಒಳಗೆ ಬಂದಮೇಲೆ ಆ ಅನುಭವವನ್ನು ಬಾಗಿಲಲ್ಲೇ ಬಿಡಿ ಎನ್ನುತ್ತದೆ.

ಈ ಪರೀಕ್ಷೆಯನ್ನು ಟೀಕಿಸುವವರಲ್ಲೂ ನನಗೆ ಜೊತೆಗಾರರಿಲ್ಲ. ಏಳನೇ ಪಿಎಂಬಾಕ್ ಬರೀ 12 ತತ್ತ್ವಗಳ ಉಪದೇಶ, ಪರೀಕ್ಷೆ ಕೆಟ್ಟದ್ದು ಅದರಿಂದಲೇ ಎಂದು ಗೊಣಗುವವರಿದ್ದಾರೆ. ಆ ಪುಸ್ತಕ ಹೊರಬರುವ ಮೊದಲೇ ಪರೀಕ್ಷೆ ಬದಲಾಗಿತ್ತು, ಪರೀಕ್ಷೆಯ ಆಧಾರ ಎಕ್ಸಾಮ್ ಕಂಟೆಂಟ್ ಔಟ್‌ಲೈನ್ ಎಂಬ ಪಠ್ಯಸೂಚಿ ಎಂಬುದನ್ನು ಇವರು ನೋಡುವುದೇ ಇಲ್ಲ. ಮೈಂಡ್‌ಸೆಟ್ ಕಲಿತವರು ಒಳ್ಳೆಯ ನಾಯಕರಾಗುತ್ತಾರೆ ಎನ್ನುವವರದು ಇನ್ನೂ ವಿಚಿತ್ರ. ನಾಲ್ಕು ಆಯ್ಕೆಗಳಲ್ಲಿ ಸೌಮ್ಯವಾದದ್ದಕ್ಕೆ ಗುರುತು ಹಾಕಿದವರು ಸೋಮವಾರದ ಸಭೆಯಲ್ಲೂ ಸೌಮ್ಯರಾಗಿರುತ್ತಾರೆ ಎಂದು ನಂಬಲು ಇವರಿಗೆ ಯಾವ ಸಭೆಯ ಪರಿಚಯವೂ ಇರಲಾರದು.

ಹಳೆಯ ಪರೀಕ್ಷೆಗೆ ಒಂದು ಪ್ರಾಮಾಣಿಕತೆಯಿತ್ತು. ಅರ್ನ್ಡ್ ವ್ಯಾಲ್ಯೂ 80, ಆದ ಖರ್ಚು 100 ಆದರೆ ವೆಚ್ಚದ ಸೂಚ್ಯಂಕ ಸಿಪಿಐ 0.8, ತಪ್ಪಿದವರಿಗೆ ಎಲ್ಲಿ ತಪ್ಪಿದೆವೆಂದು ಕಾಣುತ್ತಿತ್ತು. ಈಗ ಲೆಕ್ಕ ತೆಳುವಾಗಿದೆ, ತಪ್ಪಿಗೆ ವಿವರಣೆಯೆಂದರೆ ಮೈಂಡ್‌ಸೆಟ್ ಸಾಲದು ಎಂಬುದೊಂದೇ. ಅಜೈಲ್ ಒಳಬಂದದ್ದು ಸರಿ ಎಂಬುದನ್ನು ಒಪ್ಪುತ್ತೇನೆ, ಬಿಡಿ.

2026ರ ಜುಲೈನ ಹೊಸ ರೂಪದಲ್ಲಿ ಬಿಸಿನೆಸ್ ಎನ್ವಿರಾನ್‌ಮೆಂಟ್ ಎಂಬ ವಿಭಾಗದ ಪಾಲು ಶೇ. 8ರಿಂದ 26ಕ್ಕೆ ಏರುತ್ತದೆ. ಒಪ್ಪಂದ, ಲಾಭ, ಕಾನೂನು ಪ್ರಶ್ನೆಯ ಒಳಗೇ ಬಂದರೆ ಊಹೆಯ ಜಾಗ ಕುಗ್ಗೀತು. ಪ್ರಶ್ನೆ ಅದೇ ನಾಲ್ಕು ಸಾಲಿನಲ್ಲಿ ಮುಗಿದರೆ, ತರಗತಿಗಳು ಸುಳಿವಿನ ಪಟ್ಟಿಗೆ ಇನ್ನೊಂದು ಹಾಳೆ ಹೊಲಿಯುತ್ತವೆ.