ಶಿವಗಣಾರಾಧನೆ: ಹೆಸರಿನ ಅರ್ಥ, ಆಚರಣೆಯ ಹೊಣೆ

ಅಂತ್ಯಸಂಸ್ಕಾರವಾದ ಬಳಿಕ ಬಂಧುಬಾಂಧವರು ಕೂಡಿ ನಡೆಸುವ ಕಾರ್ಯಕ್ಕೆ ಕನ್ನಡ ನಾಡಿನಲ್ಲಿ ಹಲವು ಹೆಸರುಗಳುಂಟು. ಹಳೆಯ ಮೈಸೂರು ಸೀಮೆಯ ಅನೇಕ ಮನೆತನಗಳಲ್ಲಿ ಮೂರನೆಯ ದಿನದ ಕಾರ್ಯ ಹಾಲುತುಪ್ಪ, ಹನ್ನೊಂದನೆಯ ದಿನದ್ದು ತಿಥಿ. ವೈಷ್ಣವರಲ್ಲಿ ವೈಕುಂಠ ಸಮಾರಾಧನೆ, ವೀರಶೈವರಲ್ಲಿ ಶಿವಗಣಾರಾಧನೆ. ಇವೆಲ್ಲವನ್ನೂ ಪರ್ಯಾಯಪದಗಳೆಂದು ಬಗೆಯುವುದು ರೂಢಿಯಾಗಿದೆ. ಆದರೆ ಪದಗಳನ್ನು ಬಿಡಿಸಿ ನೋಡಿದಾಗ ಅವುಗಳ ಆಶಯ ಒಂದೇ ಅಲ್ಲವೆಂಬುದು ವೇದ್ಯವಾಗುತ್ತದೆ.

'ತಿಥಿ' ಕಾಲವಾಚಕ, ಚಾಂದ್ರಮಾನದ ದಿನ. 'ಹಾಲುತುಪ್ಪ' ಅರ್ಪಿಸುವ ದ್ರವ್ಯದ ಹೆಸರು. 'ವೈಕುಂಠ ಸಮಾರಾಧನೆ' ಮೃತರು ಸೇರುವ ಲೋಕವನ್ನು ಸೂಚಿಸುತ್ತದೆ. ಮಂತ್ರಾಲಯದಲ್ಲಿ ಪೂರ್ವ, ಮಧ್ಯ, ಉತ್ತರವೆಂದು ಮೂರು ದಿನ ನಡೆಯುವ ಆರಾಧನೆಯಲ್ಲಿ, 1671ರಲ್ಲಿ ವೃಂದಾವನಸ್ಥರಾದ ಶ್ರೀ ರಾಘವೇಂದ್ರಸ್ವಾಮಿಗಳೇ ಆರಾಧ್ಯರು. ಶಿವಗಣಾರಾಧನೆಯಾದರೋ ಷಷ್ಠೀತತ್ಪುರುಷ ಸಮಾಸ: ಶಿವಗಣರ ಆರಾಧನೆ. ಇಲ್ಲಿ ಆರಾಧ್ಯರು ಅಗಲಿದವರಲ್ಲ. ಮನೆಗೆ ಬಂದು ಕಣ್ಣೆದುರು ಕುಳಿತ ಶಿವಭಕ್ತರು.

ಈ ವ್ಯತ್ಯಾಸ ಆಕಸ್ಮಿಕವಾದುದಲ್ಲ. ಲಿಂಗವಂತನ ದೇಹವನ್ನು ಇಷ್ಟಲಿಂಗಸಹಿತವಾಗಿ, ಕುಳಿತ ಭಂಗಿಯಲ್ಲಿ ಸಮಾಧಿಗೊಳಿಸುತ್ತೇವೆ, ಅವನನ್ನು ಲಿಂಗೈಕ್ಯನೆನ್ನುತ್ತೇವೆ. ಲಿಂಗದಲ್ಲಿ ಒಂದಾದವನಿಗೆ ಪ್ರೇತತ್ವವಿಲ್ಲ. ಪ್ರೇತತ್ವವಿಲ್ಲದೆಡೆ ಪಿಂಡಕ್ಕೂ ಸ್ಥಾನವಿಲ್ಲ. ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಪ್ರೇತಸೂತಕವೂ ಒಂದು. ಆದುದರಿಂದ ಉಳಿಯುವುದು ಬದುಕಿರುವವರ ಕರ್ತವ್ಯ ಮಾತ್ರ. ಅದರ ಹೆಸರು ದಾಸೋಹ.

ಇಂದಿನ ಆಹ್ವಾನಪತ್ರಿಕೆಗಳನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬೇಕು. ಮೇಲೆ 'ಲಿಂಗೈಕ್ಯರಾದರು' ಎಂದು ಮುದ್ರಿಸಿ, ಕೆಳಗೆ ಮೃತರ ಆತ್ಮಕ್ಕೆ ಶಾಂತಿ ಕೋರಬೇಕೆಂದು ಬಿನ್ನವಿಸುವುದು ಸಾಮಾನ್ಯವಾಗಿದೆ. ಮೊದಲ ಮಾತು ನಿಜವಾದರೆ ಎರಡನೆಯದಕ್ಕೆ ಎಡೆಯೆಲ್ಲಿ? ಇದು ಕೇವಲ ಭಾಷಾದೋಷವಾಗಿದ್ದರೆ ಕ್ಷಮ್ಯವಾಗುತ್ತಿತ್ತು. ಆದರೆ ಅಗಲಿದವರಿಗೆ ಇನ್ನೂ ಏನೋ ಸಲ್ಲಬೇಕಾಗಿದೆಯೆಂಬ ಅಂಜಿಕೆಯೇ ಬಡವನನ್ನು ಸಾಲಕ್ಕೆ ನೂಕುತ್ತದೆ. ಊರೆಲ್ಲ ಉಣ್ಣದಿದ್ದರೆ ತಂದೆಗೆ ಸದ್ಗತಿಯಿಲ್ಲವೆಂದು ನಂಬಿದ ಮಗ ಹೊಲವನ್ನು ಅಡವಿಡುತ್ತಾನೆ. ಉಂಡವರು ಮಾರನೆಯ ದಿನ ಪಾಯಸದ ರುಚಿಯನ್ನು ವಿಮರ್ಶಿಸುತ್ತಾರೆ. ಬಡ್ಡಿಯನ್ನು ತೆರುವವನು ಅವನೊಬ್ಬನೇ.

ಬಹುಜನರಿಗೆ ಉಣಬಡಿಸುವುದೂ ದಾಸೋಹವೇ ಅಲ್ಲವೇ ಎಂದು ಕೇಳಬಹುದು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. ಅದೇ 31ರಂದು ನಡೆದ ಪುಣ್ಯಸ್ಮರಣೆಯಲ್ಲಿ ಲಕ್ಷಾಂತರ ಭಕ್ತರು ಪ್ರಸಾದ ಸ್ವೀಕರಿಸಿದರು. ಆದರೆ ಅದು ಆ ಮಠದಲ್ಲಿ ನಿತ್ಯವೂ ನಡೆದುಬಂದ ದಾಸೋಹದ ಮುಂದುವರಿಕೆ. ಲೋಕಾಪವಾದಕ್ಕೆ ಅಂಜಿ ಇಕ್ಕಿದ ಊಟವಲ್ಲ. ಶೂನ್ಯಸಂಪಾದನೆಯಲ್ಲಿ ಬರುವ ಪ್ರಭುದೇವರ ಆರೋಗಣೆಯ ಪ್ರಸಂಗವನ್ನು ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ನೆನೆಯಬೇಕು. ಜಂಗಮರಿಗೆಂದು ಸಿದ್ಧವಾದ ಅಡಿಗೆಯನ್ನೆಲ್ಲ ಪ್ರಭುದೇವರೊಬ್ಬರೇ ಆರೋಗಿಸುತ್ತಾರೆ. ಆ ಒಬ್ಬರ ತೃಪ್ತಿಯಲ್ಲಿ ಸಮಸ್ತ ಜಂಗಮಕ್ಕೂ ತೃಪ್ತಿಯಾಗುತ್ತದೆ. ಎಲೆಗಳ ಎಣಿಕೆ ಆರಾಧನೆಯ ಅಳತೆಯಲ್ಲವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನ ಬೇಕಿಲ್ಲ.

ಆದುದರಿಂದ ಹೆಸರನ್ನು ಬದಲಿಸಬೇಕಾಗಿಲ್ಲ. ಹೆಸರಿಗೆ ತಕ್ಕಂತೆ ನಡೆದರೆ ಸಾಕು. ಲಿಂಗೈಕ್ಯರು ಮೆಚ್ಚಿದ್ದ ನಾಲ್ಕು ವಚನಗಳ ಪಠಣ, ಅವರ ಕಾಯಕದ ಸ್ಮರಣೆ, ಶಕ್ತ್ಯನುಸಾರವಾದ ಪ್ರಸಾದ, ಇಷ್ಟಿದ್ದರೆ ಶಿವಗಣಾರಾಧನೆ ಪೂರ್ಣವಾಗುತ್ತದೆ. ಪಂಕ್ತಿಯಲ್ಲಿ ಕುಳಿತವರು ತಾವು ಆರಾಧ್ಯರೆನಿಸಿಕೊಂಡಿದ್ದೇವೆಂಬುದನ್ನು ಮರೆಯಲಾಗದು. ಆ ಮನೆಯ ಭಾರವನ್ನು ಹೆಚ್ಚಿಸದೆ ಏಳುವುದು ಗಣರೆನಿಸಿಕೊಂಡವರ ಹೊಣೆ.